ಒಂಬತ್ತರ ಜೋಡಿ ಮತ್ತ ನನ್ನ ಪಾಟಲಿ

ಈ ಸಲ ಪಂಚಮಿಗೆ ನಮ್ಮ ಮನ್ಯಾಗ ಉಂಡಿಗಿಂತಾ ಹುಣಸೀ ಬೀಜದ ಲೆಕ್ಕಾನ ಜಾಸ್ತಿ ಆತು. ಹೋದ ಸಲ ಹೋಳಗಿ ಯಾಕ ಹರೀತದ ಅಂತ ಬರದಾಗ ಭಾಳ ಮಂದಿ ಫೋನ್ ಮಾಡಿದ್ರಿ. ಈ ಸಲದ್ದು ಅಡಗಿ ಅಲ್ಲಾ, ಇಸ್ಪೀಟ. ಲಗೂನ ಬೈಬ್ಯಾಡ್ರಿ, ಪೂರ್ತಿ ಓದಿ ಆಮ್ಯಾಲೆ ಬೈರಿ.

ಪಂಚಮಿಗೆ ಹೆಣ್ಮಕ್ಕಳು ತವರಿಗೆ ಬರೋದು ನಮ್ಮ ಕಡೆ ಪದ್ಧತಿ. ಮಗಳು ಅಳಿಯ ಬಂದಿದ್ರು. ನಾದಿನಿ ತನ್ನ ಇಬ್ಬರು ಹುಡುಗರನ್ನ ಕರಕೊಂಡು ಬಂದಿದ್ಲು. ನೆಗೆಣ್ಣಿ ಅಂತೂ ಬಾಜೂ ಓಣ್ಯಾಗ ಇರತಾಳ. ನಾನು, ನಮ್ಮನಿಯವರು, ಮಗಾ. ಎಲ್ಲಾ ಸೇರಿ ಒಂಬತ್ತು ಮಂದಿ. ಮಧ್ಯಾಹ್ನ ಊಟ ಆಗಿ, ಜೋಕಾಲಿ ಆಡಿ ಆಡಿ ಬ್ಯಾಸರಾಗಿ ಕೂತಾಗ ನಾದಿನಿ ದೊಡ್ಡ ಮಗಾ ಚೀಲದಾಗಿಂದ ಇಸ್ಪೀಟ ಎಲಿ ತಗದಾ. "ಮಾಮಿ, ಪೋಕರ್ ಆಡೋಣು?" ಅಂದಾ.

ಪಡಸಾಲಿ ಒಮ್ಮೆಲೇ ತಣ್ಣಗಾತು. ಆ ಹುಡುಗಗ ಪಾಪ ಏನೂ ಗೊತ್ತಿದ್ದಿಲ್ಲಾ. ನಮ್ಮ ಮನ್ಯಾಗ ವರ್ಷದ ಮ್ಯಾಲಾತು ಇಸ್ಪೀಟ ಎಲಿ ಯಾರೂ ಮುಟ್ಟಿದ್ದಿಲ್ಲಾ, ರಮ್ಮಿ ಸುದ್ದಾ. ನನ್ನ ಮಗಾ ಮೊಬೈಲಿನ್ಯಾಗ ರೊಕ್ಕಾ ಹಚ್ಚಿ ಇದ ಪೋಕರ್ ಆಡಿ ನಾಲ್ಕು ಲಕ್ಷದ ಹತ್ತರ ಹತ್ತರ ಕಳಕೊಂಡಿದ್ದಾ. ಕೆಲವರಿಗೆ ಗೊತ್ತದ, ಕೆಲವರಿಗೆ ಇಲ್ಲಾ. ಈಗ ಎಲ್ಲಾರಿಗೂ ಗೊತ್ತಾತು, ಇರಲಿ. ನಮ್ಮನಿಯವರು ಪೇಪರ್ ಎತ್ತಿ ಮುಖಕ್ಕ ಅಡ್ಡ ಹಿಡಕೊಂಡ್ರು. ಮಗಾ ಎದ್ದು ಒಳಗ ಹೊಂಟಾ.

ನಾನು "ನಿಂದರೋ. ಅಡಗಿ ಮನ್ಯಾಗ ಹುಣಸೀ ಬೀಜದ ಡಬ್ಬಿ ಅದ, ತೊಗೊಂಡು ಬಾ. ನಮಗೆಲ್ಲಾ ನೀನ ಕಲಸು" ಅಂದೆ. ಯಾಕ ಅಂದೆ ಅಂತ ನನಗೂ ಗೊತ್ತಿಲ್ಲಾ. ಒಂದು ಮಾತು ಮಾತ್ರ ವರ್ಷದಿಂದ ನನ್ನ ತಲ್ಯಾಗ ಕೊರೀತಿತ್ತು. ಎಲ್ಲಾ ಹೊರಗ ಬಿದ್ದ ದಿವಸ ಅಂವಾ ಅಳಕೋತ "ಅವ್ವಾ, ನಾ ಸರಿಯಾಗೇ ಆಡಿದ್ದೆ" ಅಂದಿದ್ದಾ. ಕುಡಕರೂ ಹಿಂಗ ಅಂತಾರ ಅಂತ ನಾ ಅವತ್ತ ಬೈದಿದ್ದೆ. ಆದ್ರ ಸರಿ ಅಂದ್ರ ಏನು, ತಪ್ಪ ಅಂದ್ರ ಏನು ಅನ್ನೋದು ಆಟ ಗೊತ್ತಿಲ್ಲದ ನನಗ ಹೆಂಗ ತಿಳೀಬೇಕು?

ತಲಿಗೆ ನೂರು ಬೀಜ ಹಂಚಿದ್ವಿ. ಗೆದ್ದವರು ಎರಡು ದಿವಸ ಭಾಂಡೆ ತಿಕ್ಕಂಗಿಲ್ಲಾ ಅಂತ ಕರಾರು. ಇಷ್ಟ ಕೇಳಿದ್ದ ತಡಾ, ನೆಗೆಣ್ಣಿ ಸೆರಗ ಸಿಗಿಸಿ ಕೂತ್ಲು.

ಆಟ ಹಿಂಗದ. ಒಬ್ಬೊಬ್ಬರಿಗೆ ಎರಡೆರಡು ಎಲಿ, ಬ್ಯಾರೆಯವರಿಗೆ ತೋರಸಂಗಿಲ್ಲಾ. ನಡುವ ಐದು ಎಲಿ ಎಲ್ಲಾರಿಗೂ ಸೇರಿದ್ದು. ಮೊದಲ ಮೂರು ಒಮ್ಮೆಲೇ ತಗೀತಾರ, ಅದಕ್ಕ ಫ್ಲಾಪ್ ಅಂತಾರ. ಆಮ್ಯಾಲೆ ಒಂದು, ಆಮ್ಯಾಲೆ ಇನ್ನೊಂದು. ನಿಮ್ಮ ಎರಡು, ನಡುವಿನ ಐದು, ಈ ಏಳರಾಗ ಒಳ್ಳೇ ಐದು ಎಲಿ ಯಾರದ್ದೋ ಅವರು ಗೆದ್ದಂಗ. ಪ್ರತಿ ಹಂತಕ್ಕೂ ಬೀಜ ಹಾಕಬಹುದು, ಏರಸಬಹುದು, ಇಲ್ಲಾ ಎಲಿ ಚೆಲ್ಲಿ ಸುಮ್ಮನಾಗಬಹುದು. ಕೈಯಾಗಿನ ಬೀಜ ಎಲ್ಲಾ ಒಮ್ಮೆಲೇ ಹಾಕಿದ್ರ ಅದಕ್ಕ ಆಲ್-ಇನ್.

ಇದರಾಗ ಒಂದು ಬಾಡಿಗಿ ಅದ, ಬ್ಲೈಂಡ್ ಅಂತ. ಎಲಿ ನೋಡೋಕಿಂತಾ ಮೊದಲ ಇಬ್ಬರು ಬೀಜ ಇಡಬೇಕು, ಒಬ್ಬರು ಸಣ್ಣದು, ಒಬ್ಬರು ದೊಡ್ಡದು. ಪಾಳಿ ಪ್ರಕಾರ ಎಲ್ಲಾರಿಗೂ ಬರತದ. ಟೂರ್ನಮೆಂಟ್ ಆಟದಾಗ ಹೊತ್ತು ಹೋದಂಗೆಲ್ಲಾ ಈ ಬಾಡಿಗಿ ಏರಕೋತ ಹೋಗತದ. ಒಂಬತ್ತು ಮಂದಿ ಇದ್ದಾಗ ಒಂಬತ್ತು ಆಟಕ್ಕ ಒಂದು ಸರತಿ ಎರಡೂ ಬ್ಲೈಂಡ್ ಕಟ್ಟಿದ್ರ ಆತು, ಆರಾಮ ಕೂತು ಒಳ್ಳೇ ಎಲಿ ದಾರಿ ಕಾಯಬಹುದು. ಮೂರ ಮಂದಿ ಉಳದಾಗ ಮೂರು ಆಟಕ್ಕೊಮ್ಮೆ ಕಟ್ಟಬೇಕು. ಕಾಯಕೋತ ಕೂತವರು ಬಾಡಿಗಿ ಕಟ್ಟಿ ಕಟ್ಟೀನ ಖಾಲಿ ಆಗತಾರ. ಎಕ್ಕಾದ ಜೋಡಿ ಬರೋದು ಸರಾಸರಿ 221 ಆಟಕ್ಕ ಒಮ್ಮೆ ಅಂತ, ಎಷ್ಟಂತ ಕಾಯತೀರಿ?

ಎರಡು ತಾಸಿನ್ಯಾಗ ಒಬ್ಬೊಬ್ಬರ ಎದ್ದು ಹೋದ್ರು. ಮಗಾ ಬೇಕಂತ ಮೊದಲ ಸೋತಾ ಅಂತ ನನ್ನ ಅನುಮಾನ. ನಮ್ಮನಿಯವರು ಪೇಪರ್ ಬಾಜೂಕಿಟ್ಟು ಆಡಿದ್ರು, ಅವರೂ ಹೋದ್ರು. ಕಡೀಕ ಉಳದದ್ದು ನಾನು, ನೆಗೆಣ್ಣಿ, ನಾದಿನಿ ದೊಡ್ಡ ಮಗಾ. ಬಾಡಿಗಿ ಸಣ್ಣದು 10, ದೊಡ್ಡದು 20. ನನ್ನ ಹಂತೇಕ 240 ಬೀಜ ಇದ್ದವು.

ಎಲಿ ಎತ್ತಿ ನೋಡತೇನಿ, ಒಂಬತ್ತರ ಜೋಡಿ. ಎದಿ ಡವಡವ ಅಂತು. ಆದ್ರ ನಾವು ಹೆಣ್ಮಕ್ಕಳು ನೋಡ್ರಿ, ಗಟ್ಟಿ ವಸ್ತು ಕೈಯಾಗ ಬಂತಂದ್ರ ಮೊದಲ ಸೆರಗಿನ್ಯಾಗ ಮುಚ್ಚತೇವಿ. ನಾನೂ ಮುಖಾ ಸಪ್ಪಗ ಮಾಡಿಕೊಂಡು ಬರೇ 20 ಹಾಕಿ ಸುಮ್ಮನಾದೆ. ಹುಡುಗ ಎಲಿ ಚೆಲ್ಲಿದಾ. ನೆಗೆಣ್ಣಿದು ದೊಡ್ಡ ಬ್ಲೈಂಡ್ ಪಾಳಿ, ಅಕಿ 20 ಮೊದಲ ಇಟ್ಟಿದ್ಲು. ಒಂದು ಬೀಜಾನೂ ಹೆಚ್ಚಿಗಿ ಕೊಡದ ಮುಂದಿನ ಮೂರು ಎಲಿ ನೋಡೋಕ ಸಿಕ್ತು ಅಕಿಗೆ. ರಾಣಿ, ಏಳು, ಎರಡು ಬಿದ್ದವು. ಅಕಿ ಸುಮ್ಮನಿದ್ಲು. ಈಗ ನನಗ ಹೆದರಿಕಿ ಶುರು ಆತು, ರಾಣಿ ಒಂಬತ್ತಕ್ಕಿಂತಾ ದೊಡ್ಡದಲ್ಲಾ! ಹೆದರಿದವರು ಮಾಡೋ ಕೆಲಸಾನ ಮಾಡಿದೆ, ಉಳದ 220 ಬೀಜಾನೂ ಒಮ್ಮೆಲೇ ದೂಡಿದೆ. ಅಕಿ ತಣ್ಣಗ "ಬರಲಿ" ಅಂದು ಎಲಿ ತೆರದ್ಲು. ರಾಣಿ ಮತ್ತ ನಾಲ್ಕು. ಮುಂದ ಬಂದ ಎರಡು ಎಲಿನೂ ನನ್ನ ಉಪಯೋಗಕ್ಕ ಬರಲಿಲ್ಲಾ. ನಾ ಎದ್ದೆ. ಆಮ್ಯಾಲೆ ಹುಡುಗನ್ನೂ ಮುಗಿಸಿ ನೆಗೆಣ್ಣಿ ಗೆದ್ಲು.

ರಾತ್ರಿ ಭಾಂಡೆ ನನ್ನ ಪಾಲಿಗೆ ಬಂದ್ವು. ನಾ ತಿಕ್ಕತಿದ್ದೆ, ಮಗಾ ಒರಸತಿದ್ದಾ. ಭಾಳ ದಿವಸಕ್ಕ ಅಂವಾ ತಾನಾಗೇ ಬಾಯಿ ಬಿಟ್ಟಾ.

"ಅವ್ವಾ, ನೀ ಎರಡು ತಪ್ಪ ಮಾಡಿದಿ. ತುಟ್ಟಿ ಮಾಡೋ ಹೊತ್ತಿನ್ಯಾಗ ಸಸ್ತಾ ಮಾಡಿದಿ. ಸಸ್ತಾದಾಗ ಬಿಡೋ ಹೊತ್ತಿನ್ಯಾಗ ತುಟ್ಟಿ ಮಾಡಿದಿ."

ತಾಟ ಒರಸಕೋತ ಬಿಡಿಸಿ ಹೇಳಿದಾ. ಒಂಬತ್ತು ಮಂದಿ ಕೂತಾಗ ಒಂಬತ್ತರ ಜೋಡಿ ಅಂಥಾ ದೊಡ್ಡದೇನಲ್ಲಾ. ಉಳದ ಎಂಟು ಮಂದ್ಯಾಗ ಯಾರದೋ ಒಬ್ಬರ ಕೈಯಾಗ ಅದಕ್ಕಿಂತಾ ದೊಡ್ಡ ಜೋಡಿ ಇರೋ ಸಂಭವ ನೂರಕ್ಕ ಹದಿನೆಂಟರ ಆಜುಬಾಜು. ಮೂರ ಮಂದಿ ಉಳದಾಗ ಎದುರಿಗೆ ಇಬ್ಬರ. ಅವರ ಕೈಯಾಗ ದೊಡ್ಡ ಜೋಡಿ ಇರೋದು ನೂರಕ್ಕ ಐದು ಸಲ. ಅಂದ್ರ ಎಲಿ ಅದ, ಮಂದಿ ಕಡಿಮಿ ಆದಂಗೆಲ್ಲಾ ಅದರ ಬೆಲೆ ಏರತದ.

ಆದ್ರ ಅದಕ್ಕ ಇನ್ನೊಂದು ಮುಖಾ ಅದ. ಹತ್ತು, ಗುಲಾಮ, ರಾಣಿ, ರಾಜಾ, ಎಕ್ಕಾ, ಇಷ್ಟೂ ಒಂಬತ್ತಕ್ಕಿಂತಾ ದೊಡ್ಡವು. ನಡುವ ಮೂರು ಎಲಿ ಬಿದ್ದಾಗ ಅದರಾಗ ಒಂದರೆ ಇಂಥಾ ದೊಡ್ಡ ಎಲಿ ಇರೋದು ನೂರಕ್ಕ 79 ಸಲ. ಗುಲಾಮರ ಜೋಡಿ ಹಿಡದವರಿಗೂ ನೂರಕ್ಕ 57 ಸಲ ಅವರಕಿಂತಾ ದೊಡ್ಡದೊಂದು ಬೀಳತದ. "ಅದಕ್ಕ ಅವ್ವಾ, ಇಂಥಾ ಎಲಿ ಕೈಗೆ ಬಂದ ಕ್ಷಣ ಗಟ್ಟಿ ಇರತದ. ಆಮ್ಯಾಲೆ ಬರೋ ಒಂದೊಂದು ಎಲಿನೂ ಅದನ್ನ ಸಡಲ ಮಾಡಕೋತ ಹೋಗತದ. ಕಡದ ಮಜ್ಜಿಗಿ ಇದ್ದಂಗ, ಇಟ್ಟಷ್ಟೂ ಹುಳೀ."

"ಹಂಗಾರ ಏನ ಮಾಡಬೇಕಿತ್ತು?"

"ಮೊದಲ ಎಲ್ಲಾ ದೂಡಬೇಕಿತ್ತು. 240ಕ್ಕ 240. ಕಾಕು ರಾಣಿ-ನಾಲ್ಕು ಹಿಡಕೊಂಡು 240 ಕೊಡತಿದ್ದಿಲ್ಲಾ, ಚೆಲ್ಲತಿದ್ಲು."

"ಸ್ವಲ್ಪ ಏರಿಸಿದ್ರ ಸಾಲತಿದ್ದಿಲ್ಲೇನು? ಐವತ್ತು, ಅರವತ್ತು?"

ಕೈಯಾಗ ಬೀಜ ಭಾಳ ಇದ್ರ ಅಷ್ಟ ಸಾಕಂತ. ನನ್ನ ಹಂತೇಕ ಇದ್ದದ್ದು ಹನ್ನೆರಡು ದೊಡ್ಡ ಬ್ಲೈಂಡಿನಷ್ಟ. ಅರವತ್ತು ಹಾಕಿ ಯಾರರೆ ಒಬ್ಬರು ಬಂದ್ರ, ಮುಂದ ದೊಡ್ಡ ಎಲಿ ಬೀಳತದ, ಆವಾಗ ಬಿಡಲೋ ಹಿಡಕೊಳ್ಳಲೋ ಅಂತ ತಿಳಿಯಂಗಿಲ್ಲಾ. ಮೊದಲ ಎಲ್ಲಾ ದೂಡಿದ್ರ ಆ ಸಂಕಟಾನ ಇಲ್ಲಾ. ಎದುರಿನವರು ಚೆಲ್ಲಿದ್ರ ಬಾಡಿಗಿ ರೊಕ್ಕಾ ನಮಗ. ಬಂದ್ರ ಐದೂ ಎಲಿ ನೋಡೇ ನೋಡತೇವಿ, ನಡುವ ಹೆದರಿ ಏಳೋ ಪ್ರಶ್ನಿ ಇಲ್ಲಾ. "ಮುಚ್ಚಿ ಇಟ್ಟು ಆಡೋದು ಎಕ್ಕಾದ ಜೋಡಿಯವರಿಗೆ ಒಮ್ಮೊಮ್ಮೆ ಛಂದ. ಒಂಬತ್ತರ ಜೋಡಿಯವರು ಮುಚ್ಚಿ ಇಟ್ರ ಅದು ಹುಷಾರತನ ಅಲ್ಲಾ, ಎದುರಿನವರಿಗೆ ಪುಕ್ಕಟ ಊಟ ಹಾಕಿದಂಗ."

ನಾ ಕುಕ್ಕರ್ ತಿಕ್ಕೋದು ಬಿಟ್ಟು ಕೇಳಿದೆ. "ನೀ ಸರಿಯಾಗೇ ಆಡಿದ್ದೆ ಅಂದೆಲ್ಲಾ, ಅದು ಯಾವ ಆಟ?"

ಅಂವಾ ಸ್ವಲ್ಪ ಹೊತ್ತು ಸುಮ್ಮನಿದ್ದಾ. ಆಮ್ಯಾಲೆ ಹೇಳಿದಾ. ದೊಡ್ಡ ಟೂರ್ನಮೆಂಟ್ ಇತ್ತಂತ. ನೂರಾರು ಮಂದ್ಯಾಗ ಕಡೀಕ ನಾಲ್ಕ ಮಂದಿ ಉಳದಿದ್ರು, ಅದರಾಗ ಇಂವಾ ಒಬ್ಬ. ರಾತ್ರಿ ಮೂರು ಗಂಟೆ. ಹತ್ತರ ಜೋಡಿ ಬಂತು. ನಾಲ್ಕರಾಗ ಒಬ್ಬನ ಹಂತೇಕ ನಾಕೈದು ಆಟದ ಬಾಡಿಗಿ ಅಷ್ಟ ಉಳದಿತ್ತು. ಇಂವಾ ಸುಮ್ಮನ ಚೆಲ್ಲಿ ಕೂತಿದ್ರ ಅಂವಾ ಹೋಗತಿದ್ದಾ, ಇಂವಂಗ ಮೂರನೇ ಬಹುಮಾನ ಖಾತ್ರಿ ಆಗತಿತ್ತು. ಆದ್ರ ಮೂರನೇದಕ್ಕೂ ನಾಲ್ಕನೇದಕ್ಕೂ ಫರಕ ಸ್ವಲ್ಪ, ಮೊದಲನೇದು ಎಷ್ಟೋ ಮ್ಯಾಲೆ. ಹತ್ತರ ಜೋಡಿ ಹಿಡಕೊಂಡು ನಾಲ್ಕ ಮಂದ್ಯಾಗ ಚೆಲ್ಲೋದು ಆಗೂದಿಲ್ಲಾ ಅಂತ ಎಲ್ಲಾ ದೂಡಿದಾ. ಎದುರಿನಂವಾ ಎಕ್ಕಾ-ರಾಣಿ ತೆರದಾ. ಹತ್ತರ ಜೋಡಿಗೆ ಅಲ್ಲಿ ನೂರಕ್ಕ ಐವತ್ತೈದರ ಮ್ಯಾಲೆ ಗೆಲ್ಲೋ ಲೆಕ್ಕಾ. ನಾಲ್ಕು ಎಲಿ ತನಕಾ ಇವನ ಮುಂದಿದ್ದಾ. ಐದನೇ ಎಲಿ ರಾಣಿ ಬಿತ್ತು.

"ನೂರಕ್ಕ ನಲವತ್ತರ ಮ್ಯಾಲೆ ಸಲ ಹಂಗಾಗತದ ಅವ್ವಾ. ಅದು ತಪ್ಪಲ್ಲಾ."

ಅಕ್ಕಂದಿರೇ, ಖರೇ ಹೇಳತೇನಿ, ಅವತ್ತ ನನಗ ತಿಳೀತು. ಆ ಆಟ ಇಂವಾ ಸರಿಯಾಗೇ ಆಡಿದ್ದಾ. ಸರಿಯಾಗಿ ಆಡಿಯೂ ಸೋಲಬಹುದು. ಹದಾ ಬರೋಬ್ಬರಿ ಹಿಡದರೂ ಒಮ್ಮೊಮ್ಮೆ ಪಾಕ ಕೈ ಕೊಡತದಲ್ಲಾ, ಹಂಗ. ನಾ ವರ್ಷಾನುಗಟ್ಟಲೆ ಅದಕ್ಕ ಬೈದಿದ್ದು ತಪ್ಪು. ಬೈಬೇಕಾದ್ದು ಬ್ಯಾರೆ ಇತ್ತು. ಅವತ್ತ ಸೋತ ಮ್ಯಾಲೆ "ನಾ ಸರಿ ಆಡತೇನಿ, ನಸೀಬ ಕೊಡಲಿಲ್ಲಾ" ಅಂತ ಗಾಡಿಗೆ ಇಟ್ಟ ರೊಕ್ಕಾ ತಗದು ಅದಕ್ಕಿಂತಾ ದೊಡ್ಡದರಾಗ ಕೂತಾ. ಅದು ಹೋತು, ಗೆಳ್ಯಾರ ಕಡೆ ಕೈಗಡ ತೊಗೊಂಡಾ. ಅದೂ ಹೋತು, ಮೊಬೈಲಿನ್ಯಾಗ ಸಾಲ ಎತ್ತಿದಾ. ನೂರಕ್ಕ ಐವತ್ತೈದು ಅನ್ನೋ ಲೆಕ್ಕಾ ನೂರು ಸಲ ಆಡೋ ತಾಕತ್ತ ಇದ್ದವರಿಗೆ ಅದ. ಒಂದು ಪಗಾರಿನ್ಯಾಗ ಬದುಕೋ ಹುಡುಗಗ ಅಲ್ಲಾ. ಇದನ್ನ ಅವಂಗ ಹೇಳಿದೆ. "ಗೊತ್ತಾಗೇದ" ಅಂದಾ.

ಮರುದಿವಸ ಒಂದು ಹಳೇ ವಿಡಿಯೋ ತೋರಿಸಿದಾ. 1988ರಾಗ ಅಮೆರಿಕಾದ ಲಾಸ್ ವೇಗಾಸ್‌ನ್ಯಾಗ ನಡದ ವರ್ಲ್ಡ್ ಸಿರೀಸ್ ಆಫ್ ಪೋಕರ್, ಕಡೀ ಆಟ. ಇಬ್ಬರ ಉಳದಾರ. ಒಬ್ಬ ಜಾನಿ ಚಾನ್, ಹಿಂದಿನ ವರ್ಷಾನೂ ಅವನ ಗೆದ್ದಂವಾ. ಇನ್ನೊಬ್ಬ ಎರಿಕ್ ಸೈಡಲ್, ವಯಸ್ಸಿನ ಹುಡುಗ. ಸೈಡಲ್ ಕೈಯಾಗ ರಾಣಿ-ಏಳು. ಫ್ಲಾಪಿನ್ಯಾಗ ರಾಣಿ, ಹತ್ತು, ಎಂಟು. ಇಬ್ಬರ ಇದ್ದಾಗ ರಾಣಿ ಜೋಡಿ ಅಂದ್ರ ಎಷ್ಟು ದೊಡ್ಡದು ಹೇಳ್ರಿ! ಆದ್ರ ಚಾನ್ ಕೈಯಾಗ ಗುಲಾಮ-ಒಂಬತ್ತು ಇದ್ದವು, ಎಂಟು ಒಂಬತ್ತು ಹತ್ತು ಗುಲಾಮ ರಾಣಿ ಅಂತ ಐದೂ ಸಾಲಾಗಿ ಕೂಡಿಬಿಟ್ಟಿದ್ದವು. ಚಾನ್ ಏನೂ ಇಲ್ಲದಂವನಂಗ ಸುಮ್ಮನ ಕೂತಾ. ಸೈಡಲ್ ಕಡೀಕ ತನ್ನ ಹಂತೇಕ ಇದ್ದದ್ದೆಲ್ಲಾ ದೂಡಿದಾ, ಸೋತಾ. ಚಾನ್‌ಗ ಏಳು ಲಕ್ಷ ಡಾಲರ್. ಈ ಆಟದ ಚಿತ್ರ ಮುಂದ 1998ರಾಗ ಬಂದ ರೌಂಡರ್ಸ್ ಅನ್ನೋ ಸಿನಿಮಾದಾಗೂ ಹಾಕ್ಯಾರ. ಅಂದ್ರ ಅಂವಾ ಸೋತದ್ದನ್ನ ಜಗತ್ತೆಲ್ಲಾ ಮತ್ತ ಮತ್ತ ನೋಡೇದ.

"ಸುಮ್ಮನ ಇರಬಹುದು ಅವ್ವಾ, ಚಾನ್‌ನಂಗ ಇರಬಹುದು. ಆದ್ರ ಮುಂದ ಎಂಥಾ ಎಲಿ ಬಂದ್ರೂ ಕೆಡದಂಥಾ ಕೈ ಇರಬೇಕು" ಅಂದಾ ಮಗಾ. ಆ ಸೈಡಲ್ ಆಮ್ಯಾಲೆ ಏನಾದಾ ಅಂತ ಕೇಳಿದೆ. ಅದ ವರ್ಲ್ಡ್ ಸಿರೀಸ್‌ನ್ಯಾಗ ಗೆದ್ದವರಿಗೆ ಕೈಗೆ ಕಡಗ ಕೊಡತಾರಂತ, 2023ರ ತನಕಾ ಹತ್ತು ಕಡಗ ಗೆದ್ದಾನ. ಮನಶ್ಶಾಸ್ತ್ರ ಓದಿದ ಮಾರಿಯಾ ಕೊನ್ನಿಕೋವಾ ಅನ್ನೋ ಲೇಖಕಿಗೆ ಇದನ್ನ ಕಲಿಸಿದಂವಾನೂ ಅವನಂತ. ಅಕಿ 2018ರಾಗ ಒಂದು ಟೂರ್ನಮೆಂಟ್ ಗೆದ್ದು, ಆಮ್ಯಾಲೆ ಪುಸ್ತಕಾನೂ ಬರದಾಳ.

ಕಡಗ ಅಂದ ಕೂಡಲೆ ನನಗ ನನ್ನ ಪಾಟಲಿ ನೆನಪಾದವು. ಈಗ ನಿಜವಾದ ಮಾತು ಹೇಳತೇನಿ. ಇದಕ್ಕಾಗೇ ಇದಿಷ್ಟೂ ಬರದದ್ದು.

2023ರ ದೀಪಾವಳ್ಯಾಗ ಮನಿ ಝಾಡಸೋ ಮುಂದ ಮಗನ ಫೋನಿನ್ಯಾಗ ಸಾಲದವರ ಮೆಸೇಜ್ ನಾ ನೋಡಿದ್ದೆ. ಅವತ್ತ ಸಾಲ ಬರೇ ನಲವತ್ತು ಸಾವಿರ. ಅಂವಾ ಅಲ್ಲೇ ನಿಂತಿದ್ದಾ, ಮುಖಾ ಸಣ್ಣದಾಗಿತ್ತು, ಒಂದು ಮಾತು ಕೇಳಿದ್ರ ಎಲ್ಲಾ ಹೇಳತಿದ್ದಾ. ನನ್ನ ಭಿಶಿ ರೊಕ್ಕಾ ಐವತ್ತು ಸಾವಿರ ಬಂದು ಕಪಾಟಿನ್ಯಾಗ ಕೂತಿತ್ತು. ಇವರೂ ಆವಾಗ ಆರಾಮ ಇದ್ರು, ಹೇಳಿದ್ರ ಒಂದು ದಿವಸ ಒದರ್ಯಾಡಿ ಸುಮ್ಮನಾಗತಿದ್ರು. ನನ್ನ ಕೈಯಾಗ ಗಟ್ಟಿ ಎಲಿ ಇದ್ದವು.

ನಾ ಏನ ಮಾಡಿದೆ? ಸೆರಗಿನ್ಯಾಗ ಮುಚ್ಚಿದೆ. ಹಬ್ಬ ಮುಗೀಲಿ ಅಂದೆ. ಆಮ್ಯಾಲೆ ಮಗಳ ಮದುವಿ ಆಗಲಿ, ಬೀಗರ ಕಿವಿಗೆ ಬೀಳೋದು ಬ್ಯಾಡ ಅಂದೆ. ಆಮ್ಯಾಲೆ ಇವರ ಬಿ.ಪಿ. ಇಳೀಲಿ ಅಂದೆ. ನಾ ಜಾಣೆ, ಹೊತ್ತು ನೋಡಿ ಮಾತಾಡತೇನಿ ಅಂತ ತಿಳಕೊಂಡಿದ್ದೆ. ಒಂದೊಂದು ತಿಂಗಳು ಕಾದದ್ದೂ ನಡುವ ಒಂದೊಂದು ಎಲಿ ಬಿದ್ದಂಗ. 2024ರ ಗಣಪತಿ ಹಬ್ಬದಾಗ ಸಾಲದವರು ನೇರ ಇವರಿಗೇ ಫೋನ್ ಹಚ್ಚಿದಾಗ ನಲವತ್ತು ಸಾವಿರ ಹೋಗಿ ನಾಲ್ಕು ಲಕ್ಷದ ಮಾತಾಗಿತ್ತು. ಆವಾಗ ಗಾಬರಿಯಾಗಿ ಭಿಶಿ ರೊಕ್ಕಾ, ನಮ್ಮವ್ವ ಕೊಟ್ಟ ಎರಡು ಪಾಟಲಿ, ಎಲ್ಲಾ ಒಮ್ಮೆಲೇ ತಂದು ಮುಂದ ಸುರವಿದೆ. ಥೇಟ್ ಆ ರಾಣಿ ಬಿದ್ದ ಮ್ಯಾಲೆ 220 ಬೀಜ ದೂಡಿದಂಗ.

ಇವರು ಮಗಗ ಬೈದ್ರು. ನನಗ ಬೈಲಿಲ್ಲಾ. "ನಿನಗ ಗೊತ್ತಿತ್ತು?" ಅಂತ ಒಂದ ಮಾತು ಕೇಳಿದ್ರು. ಹೂಂ ಅಂದೆ. ಅವತ್ತಿನಿಂದ ಇವತ್ತಿನ ತನಕಾ ಆ ವಿಷಯ ಮತ್ತ ತಗದಿಲ್ಲಾ. ಬೈದಿದ್ರ ಛಲೋ ಇತ್ತು.

ಮೊದಲ ಹೇಳಿದ್ರ ಎಲ್ಲಾ ಸರಿ ಆಗತಿತ್ತು ಅಂತ ನಾ ಅನ್ನೂದಿಲ್ಲಾ. ಅವತ್ತ ಕೇಳಿದ್ರೂ ಮಗಾ ಸುಳ್ಳ ಹೇಳಬಹುದಿತ್ತು, ನಲವತ್ತು ತೀರಿಸಿದ ಮ್ಯಾಲೂ ಮತ್ತ ಆಡಬಹುದಿತ್ತು. ಹತ್ತರ ಜೋಡಿನೂ ಸೋಲತದ. ಆದ್ರ ಆಡಿ ಸೋತಿದ್ರ ಈಗ ರಾತ್ರಿ ನಿದ್ದಿ ಬರತಿತ್ತು.

ನಮ್ಮ ಪಂಚಮಿ ಆಗಿ ಒಂದು ತಿಂಗಳಿನ್ಯಾಗ, ಇದ 2025ರ ಆಗಸ್ಟಿನ್ಯಾಗ, ಕೇಂದ್ರ ಸರ್ಕಾರ ರೊಕ್ಕಾ ಹಚ್ಚಿ ಆಡೋ ಆನ್‌ಲೈನ್ ಆಟ ಎಲ್ಲಾ ಬಂದ್ ಮಾಡೋ ಕಾಯ್ದೆ ತಂತು. ಬುದ್ಧಿ ಆಟ ಇರಲಿ, ನಸೀಬದ ಆಟ ಇರಲಿ, ರೊಕ್ಕಾ ಹಚ್ಚಿದ್ರ ಆತು, ಬಂದ್. ಶಿಕ್ಷಾ ಆಡವರಿಗೆ ಅಲ್ಲಾ, ಆಡಸವರಿಗೆ, ಜಾಹೀರಾತು ಕೊಡವರಿಗೆ. ಸುದ್ದಿ ಓದಿ ಇವರು ಪೇಪರ್ ಮಡಚಿ ಮಗನ ಮುಂದ ಇಟ್ರು. ಅಂವಾ ನಕ್ಕಾ. ಇವರೂ ಸ್ವಲ್ಪ ನಕ್ರು. ಅಷ್ಟ ಸಾಕಾತು ನನಗ.

ಪಾಟಲಿ ಒಂದು ಬಿಡಿಸಿಕೊಂಡೇವಿ, ಮಗನ ಪಗಾರಿನ್ಯಾಗ. ಇನ್ನೊಂದು ಬ್ಯಾಂಕಿನ್ಯಾಗ ಅದ. ಹಳದಿ ಕುಂಕುಮಕ್ಕ ಬಂದಾಗ ನನ್ನ ಒಂದು ಕೈ ಬರಿದು ನೋಡಿ ಯಾಕ ಅಂತ ಕೇಳಿದವರಿಗೆ ಸವದಾವ, ಅಕ್ಕಸಾಲಿಗನ ಹಂತೇಕ ಕೊಟ್ಟೇನಿ ಅಂದಿದ್ದೆ. ಸುಳ್ಳ ಹೇಳಿದ್ದೆ, ಸಿಟ್ಟಾಗಬ್ಯಾಡ್ರಿ.

ಹುಣಸೀ ಬೀಜದ ಡಬ್ಬಿ ಇನ್ನೂ ಪಡಸಾಲ್ಯಾಗ ಅದ. ದೀಪಾವಳಿಗೆ ನೆಗೆಣ್ಣಿ ಮತ್ತ ಆಡೋಣು ಅಂತ ಈಗಿಂದ ಹಿಂದ ಬಿದ್ದಾಳ. ಬರೇ ಬೀಜ, ರೊಕ್ಕಾ ಅಲ್ಲಾ, ಅದು ಮೊದಲಿನ ಕರಾರು. ಆಡೋಕ ಬರವರು ಬರ್ರಿ. ನಿಮ್ಮ ನಿಮ್ಮ ಕಪಾಟಿನ್ಯಾಗ, ಸೆರಗಿನ್ಯಾಗ ಮುಚ್ಚಿಟ್ಟ ಮಾತು ಯಾವುದರೆ ಇದ್ರ ಅದನ್ನ ಮನ್ಯಾಗ ಆಡಿ ಮುಗಿಸಿ ಬರ್ರಿ. ಹಬ್ಬ ಮುಗೀಲಿ ಅಂತ ಕಾಯಬ್ಯಾಡ್ರಿ.